ಕಷ್ಟವನ್ನು ಬಲ್ಲವರ ಕಂಪನಿ

ಆಷಾಢದ ಮಳೆ ಮೂರು ದಿನ ಬಿಡದೆ ಸುರಿದು ನಾಲ್ಕನೆಯ ದಿನ ಬೆಳಗ್ಗೆ ತುಸು ಹೊಳವಾಯಿತೆಂದರೆ, ಮೂಡುಬಿದಿರೆ ಬಳಿಯ ಶಿರ್ತಾಡಿಯ ಆಸುಪಾಸಿನಲ್ಲಿ ಅಡಿಕೆ ತೋಟವುಳ್ಳವರೆಲ್ಲರೂ ಏಕಕಾಲದಲ್ಲಿ ಹುಡುಕುವುದು ಒಬ್ಬನೇ ಮನುಷ್ಯನನ್ನು: ಒದ್ದೆ ಮರವನ್ನೇರಿ ಮದ್ದು ಬಿಡಬಲ್ಲವನನ್ನು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಪ್ರಮಾಣದಲ್ಲಿ ಸಿದ್ಧಗೊಂಡ ಬೋರ್ಡೋ ದ್ರಾವಣವು ಮುಂಗಾರಿಗೆ ಮೊದಲೊಮ್ಮೆ, ಅನಂತರ ನಲವತ್ತು ನಲವತ್ತೈದು ದಿನಗಳ ಅಂತರದಲ್ಲಿ ಮತ್ತೊಮ್ಮೆ ಗೊನೆಗಳನ್ನು ತಲಪದೆ ಹೋದರೆ, ನಮ್ಮ ಕಡೆಯವರು ಮಹಾಳಿ ಎನ್ನುವ ಕೊಳೆರೋಗವು ವರ್ಷದ ಫಸಲನ್ನೇ ಉದುರಿಸಿಬಿಡುತ್ತದೆ. ಮರವೇರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹೊಳವು ಮಾತ್ರ ಎಲ್ಲರಿಗೂ ಒಂದೇ ದಿನ ಬರುತ್ತದೆ.

ಇಂತಹ ಪೇಚಾಟವನ್ನು ಹುಟ್ಟಿದಾರಭ್ಯ ಕಂಡ ತರುಣರು, ಇದಕ್ಕೊಂದು ಆ್ಯಪ್ ಇದ್ದಿದ್ದರೆ ಎಂದು ಯೋಚಿಸುವುದುಂಟು. ಯೋಚಿಸಿ, ‘ಆದರೆ ನಮಗೆ ಕೋಡಿಂಗ್ ಬರುವುದಿಲ್ಲವಲ್ಲ’ ಎಂದು ಅಲ್ಲಿಗೇ ನಿಲ್ಲಿಸುವುದೂ ಉಂಟು. ಈ ‘ಆದರೆ’ಯ ಬಲವನ್ನು ಪರೀಕ್ಷಿಸಿ ನೋಡುವುದು ಅಗತ್ಯವೆಂದು ನನ್ನ ನಂಬಿಕೆ.

ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕರಾದ ಗಣಪತಿ ಭಟ್ಟರು ಇದೇ ಕಷ್ಟವನ್ನು ತಮ್ಮ ತೋಟದಲ್ಲಿ ಅನುಭವಿಸಿ, ಕುಳಿತಲ್ಲಿಂದಲೇ ಮರದ ತುದಿಗೇರಿಸುವ ಯಂತ್ರವೊಂದನ್ನು ಕಲ್ಪಿಸಿಕೊಂಡರು. ಕಾಂಡವನ್ನು ಅಪ್ಪಿ ಹಿಡಿಯುವ ಚಕ್ರಗಳು, ಒಂದು ಪುಟ್ಟ ಮೋಟಾರು, ಒಂದು ಆಸನ, ಬೀಳದಂತೆ ಕಟ್ಟಿಕೊಳ್ಳುವ ಪಟ್ಟಿ: ನೋಡುವಾಗ ಇಷ್ಟೇ. ಆದರೆ 2014ರಲ್ಲಿ ಆರಂಭವಾದ ಈ ಪ್ರಯತ್ನವು, ಎಂಜಿನಿಯರೊಬ್ಬರನ್ನು ಜೊತೆಗಾರರನ್ನಾಗಿ ಮಾಡಿಕೊಂಡು, ಸುಮಾರು 40 ಲಕ್ಷ ರೂಪಾಯಿಗಳನ್ನು ವ್ಯಯಿಸಿ, ಮಳೆಗಾಲದಲ್ಲಿ ಜಾರುವ ಮರದ ಮೇಲೆ ಇದು ನಿಂತೀತೇ ಎಂದು ಕೇಳುವವರ ಸಂಶಯಗಳನ್ನೆಲ್ಲ ಸಹಿಸಿಕೊಂಡು, ವರ್ಷಾನುಗಟ್ಟಲೆ ನಡೆಯಬೇಕಾಯಿತು. 2019ರ ಜೂನ್‌ನಲ್ಲಿ ಅದರ ವಿಡಿಯೊ ದೇಶವನ್ನೆಲ್ಲ ಸುತ್ತಿ, ಉದ್ಯಮಿ ಆನಂದ್ ಮಹೀಂದ್ರಾ ಅವರ ಪ್ರಶಂಸೆಗೂ ಪಾತ್ರವಾಯಿತು. 2023ರ ಹೊತ್ತಿಗೆ, ತಲಾ 62,000 ರೂಪಾಯಿ ಬೆಲೆಯ ಈ ಯಂತ್ರಗಳು ಮುನ್ನೂರಕ್ಕೂ ಹೆಚ್ಚು ಮಾರಾಟವಾಗಿದ್ದುವು.

ಇಲ್ಲಿ ಎಂಜಿನಿಯರು ತಂದುದು ಯಂತ್ರಶಾಸ್ತ್ರದ ಜ್ಞಾನ. ಕೃಷಿಕರು ತಂದುದು ಮರದ ಜ್ಞಾನ. ಬುಡಕ್ಕಿಂತ ತುದಿಯಲ್ಲಿ ಕಾಂಡವು ಎಷ್ಟು ಸಪೂರವಾಗುತ್ತದೆ, ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಹೇಗೆ ಕಟ್ಟುತ್ತದೆ, ಗಾಳಿಗೆ ಮರವು ಎಷ್ಟು ಬಾಗುತ್ತದೆ, ಮೇಲೆ ಕುಳಿತವನ ಕೈ ಗೊನೆಗೆ ಎಟುಕಬೇಕಾದರೆ ಆಸನವು ಎಲ್ಲಿರಬೇಕು ಎಂಬುದನ್ನು ಯಾವ ಕಾಲೇಜೂ ಕಲಿಸಲಾರದು. ಈ ಎರಡನೆಯ ಜ್ಞಾನವಿಲ್ಲದೆ ಮೊದಲನೆಯದಕ್ಕೆ ಏನನ್ನು ಕಟ್ಟಬೇಕೆಂಬುದೇ ತಿಳಿಯುತ್ತಿರಲಿಲ್ಲ.

ಮೋಟಾರಿನ ಮಾತು ಬೇರೆ, ಸಾಫ್ಟ್‌ವೇರಿನ ಮಾತು ಬೇರೆ ಎಂದು ಯಾರಾದರೂ ಆಕ್ಷೇಪಿಸಿದರೆ, ಇಲ್ಲಿಂದ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗುವವರ ಫೋನಿನಲ್ಲಿರುವ ರೆಡ್‌ಬಸ್ ಆ್ಯಪನ್ನೇ ಸಾಕ್ಷಿಯಾಗಿ ಕರೆಯಬಹುದು. 2005ರ ದೀಪಾವಳಿಗೆ ಊರಿಗೆ ಹೋಗಲು ಟಿಕೆಟು ಸಿಗದೆ ಬೆಂಗಳೂರಿನಲ್ಲೇ ಉಳಿಯಬೇಕಾಗಿ ಬಂದ ಫಣೀಂದ್ರ ಸಾಮ ಅವರು ವೃತ್ತಿಯಿಂದ ಇಲೆಕ್ಟ್ರಾನಿಕ್ಸ್ ಎಂಜಿನಿಯರು. ವೆಬ್‌ಸೈಟು ಕಟ್ಟುವ ವಿದ್ಯೆ ಅವರಿಗಾಗಲಿ ಅವರ ಇಬ್ಬರು ಮಿತ್ರರಿಗಾಗಲಿ ತಿಳಿದಿರಲಿಲ್ಲ. ಅವರು ಪುಸ್ತಕಗಳನ್ನು ತಂದು ಅದನ್ನು ಕಲಿತರು. ಅದಕ್ಕಿಂತ ಮುಖ್ಯವಾಗಿ, ಒಬ್ಬೊಬ್ಬ ಏಜೆಂಟನ ಬಳಿ ಕೆಲವೇ ಸೀಟುಗಳಿರುವುದರಿಂದ ಬಸ್ಸಿನಲ್ಲಿ ಜಾಗವಿದ್ದರೂ ಪ್ರಯಾಣಿಕನಿಗೆ ಅದು ಕಾಣುವುದಿಲ್ಲವೆಂಬ ವ್ಯವಹಾರದ ಒಳಮರ್ಮವನ್ನು, ಏಜೆಂಟರನ್ನೂ ಬಸ್ಸಿನ ಮಾಲಿಕರನ್ನೂ ಕಂಡು ಮಾತನಾಡಿ ಅರಿತುಕೊಂಡರು. ಮೊದಲು ಅವರು ಮಾಡಿದ ಸಾಫ್ಟ್‌ವೇರನ್ನು ಬಸ್ಸಿನವರು ಬಯಸಲಿಲ್ಲ; ಆಗ ದಾರಿ ಬದಲಿಸಿ, ತಾವೇ ಟಿಕೆಟು ಮಾರತೊಡಗಿದರು. 2006ರಲ್ಲಿ ಆರಂಭವಾದ ಆ ರೆಡ್‌ಬಸ್ಸನ್ನು 2013ರಲ್ಲಿ ಐಬಿಬೊ ಸಮೂಹವು ಕೊಂಡುಕೊಂಡಿತು. ಒಡಿಶಾ ಸರಕಾರದ ಕಚೇರಿಯಲ್ಲಿ ಗುಮಾಸ್ತರಾಗಿ ವೃತ್ತಿಜೀವನವನ್ನು ಆರಂಭಿಸಿದ, ರಾಜ್ಯಶಾಸ್ತ್ರ ಓದಿದ ಸುಬ್ರೋತೊ ಬಾಗ್ಚಿಯವರು 1999ರಲ್ಲಿ ಬೆಂಗಳೂರಿನ ಮೈಂಡ್‌ಟ್ರೀ ಎಂಬ ಸಾಫ್ಟ್‌ವೇರ್ ಕಂಪನಿಯ ಸಂಸ್ಥಾಪಕರಲ್ಲೊಬ್ಬರಾದುದನ್ನೂ ಇದೇ ಸಂದರ್ಭದಲ್ಲಿ ನೆನೆಯಬಹುದು. ತಂತ್ರಜ್ಞಾನ ಬಲ್ಲವರು ಅವರ ಜೊತೆಯಲ್ಲಿದ್ದರು.

ಹಾಗಾದರೆ ಶಿರ್ತಾಡಿಯ ತರುಣಿಯೊಬ್ಬಳು ಮದ್ದು ಬಿಡುವವರನ್ನೂ ತೋಟದವರನ್ನೂ ಕೂಡಿಸುವ ಉದ್ಯಮವನ್ನು ಎಲ್ಲಿಂದ ಆರಂಭಿಸಬೇಕು? ಒಂದು ಲೆಕ್ಕದ ಪುಸ್ತಕದಿಂದ, ಎಂದು ನಾನು ಹೇಳುತ್ತೇನೆ. ಹತ್ತು ತೋಟಗಳು, ಇಬ್ಬರು ಕೆಲಸಗಾರರು. ಯಾವ ತೋಟಕ್ಕೆ ಎಂದು ಮದ್ದು ಬಿಟ್ಟದ್ದು, ಮತ್ತೆ ಎಂದಿಗೆ ಆಗಬೇಕು, ಎಷ್ಟು ಮರ, ಎಷ್ಟು ಸಂಬಳ. ಮಳೆ ಬಂದರೆ ಯಾರ ಸರದಿಯನ್ನು ಮುಂದೂಡುವುದು, ಹೊಳವಾದರೆ ಯಾರಲ್ಲಿಗೆ ಮೊದಲು ಹೋಗುವುದು ಎಂಬ ನಿಯಮಗಳನ್ನು ಅವಳು ಬರೆದಿಡುತ್ತಾಳೆ. ಪ್ರೋಗ್ರಾಮೆಂದರೆ ವಾಸ್ತವವಾಗಿ ಇಂತಹ ನಿಯಮಗಳ ಕ್ರಮಬದ್ಧವಾದ ಬರವಣಿಗೆಯೇ. ‘ಹೀಗಾದರೆ ಹೀಗೆ ಮಾಡು, ಇಲ್ಲವಾದರೆ ಹಾಗೆ’ ಎಂಬ ಆಜ್ಞೆಗಳನ್ನು ಗಣಕಕ್ಕೆ ತಿಳಿಯುವ ಭಾಷೆಯಲ್ಲಿ ಹೇಳುವುದು. ಆಜ್ಞೆ ಏನೆಂಬುದನ್ನು ನಿಶ್ಚಯಿಸಿದವಳು ಕೆಲಸದ ಕಠಿಣತರ ಭಾಗವನ್ನು ಮುಗಿಸಿರುತ್ತಾಳೆ.

ಪುಸ್ತಕವು ಸಾಲದಾದಾಗ ಎಕ್ಸೆಲ್ ಹಾಳೆ, ವಾಟ್ಸ್‌ಆ್ಯಪ್, ಗೂಗಲ್ ಫಾರ್ಮ್ ಇವೆ. ಅವೂ ಸಾಲದಾದಾಗ, ಒಂದು ಸಾಲು ಕೋಡು ಬರೆಯದೆ, ಸಿದ್ಧ ತುಣುಕುಗಳನ್ನು ಜೋಡಿಸಿ ಆ್ಯಪ್ ಕಟ್ಟಲು ಅನುವಾಗುವ ನೋ-ಕೋಡ್ ಸಾಧನಗಳಿವೆ. ಬೇಕಾದುದನ್ನು ಮಾತಿನಲ್ಲಿ ವಿವರಿಸಿದರೆ ಕೋಡನ್ನು ಬರೆದುಕೊಡುವ ಕೃತಕ ಬುದ್ಧಿಮತ್ತೆಯೂ ಈಗ ಕೈಗೆಟುಕುತ್ತದೆ. ಇವುಗಳಿಂದ ಮೊದಲ ಮಾದರಿಯನ್ನು ನಿಶ್ಚಯವಾಗಿ ಮಾಡಬಹುದು. ಪರರ ಹಣವೂ ಪರರ ಖಾಸಗಿ ವಿವರಗಳೂ ಅದರಲ್ಲಿ ಹರಿಯತೊಡಗಿದ ದಿನದಿಂದ ಮಾತ್ರ ಬಲ್ಲವರೊಬ್ಬರ ಕಣ್ಣು ಅದರ ಮೇಲೆ ಇರಲೇಬೇಕು, ಇದರಲ್ಲಿ ರಿಯಾಯಿತಿಯಿಲ್ಲ.

ಅಂತಹವರನ್ನು ಕೂಲಿಗೆ ಕರೆಯುವುದೋ, ಪಾಲುದಾರರನ್ನಾಗಿ ಮಾಡಿಕೊಳ್ಳುವುದೋ ಎಂಬುದು ಗಂಭೀರವಾದ ಪ್ರಶ್ನೆ. ಹಣ ಕೊಟ್ಟು ಹೊರಗಿನವರಿಂದ ಬರೆಯಿಸಿದರೆ, ಕೋಡಿನ ಒಡೆತನ ಯಾರದು, ನಾಳೆ ತಿದ್ದುವವರು ಯಾರು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಪಾಲುದಾರರಾದರೆ ಪಾಲನ್ನು ವರ್ಷಗಳಲ್ಲಿ ಹಂಚಿ, ದುಡಿದಂತೆ ದೊರೆಯುವ ಹಾಗೆ ಮಾಡುವುದು ಲೇಸು. ನಡುವೆ ಬಿಟ್ಟುಹೋದವರು ಅರ್ಧ ಕಂಪನಿಯನ್ನೇ ಒಯ್ಯುವಂತಾಗಬಾರದು.

ಮೂಡುಬಿದಿರೆಯ ಹತ್ತಿರ, ಮಿಜಾರಿನಲ್ಲಿಯೂ ಬಡಗಮಿಜಾರಿನಲ್ಲಿಯೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಕೋಡು ಬಲ್ಲ ನೂರಾರು ಹುಡುಗ ಹುಡುಗಿಯರು ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯವನ್ನು ಹುಡುಕುತ್ತಿರುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮ ತರುಣಿಯ ಪುಸ್ತಕದ ಅಂಚುಗಳು ತಿದ್ದುಪಡಿಗಳಿಂದ ತುಂಬಿರುತ್ತವೆ. ಮೈಲುತುತ್ತಿನ ನೀಲಿ ಕಲೆಗಳೂ ಅದರ ಮೇಲೆ ಬಿದ್ದಿರಬಹುದು. ಆ ಕಾಲೇಜುಗಳಿಗೆ ಜೊತೆಗಾರರನ್ನು ಹುಡುಕಿಕೊಂಡು ಹೋಗುವಾಗ ಅವಳು ಆ ಪುಸ್ತಕವನ್ನು ತಪ್ಪದೆ ಕೈಯಲ್ಲಿ ಹಿಡಿದುಕೊಂಡು ಹೋಗಲಿ.