ಗುರ್ಚಿಗೆ ನೀರು, ಗಂಜಿಗೆ ಸಾಲು

ಬಳ್ಳಾರಿಯಿಂದ ಹೊಸಪೇಟೆಗೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಕುಡತಿನಿ ಅಂದರೆ ಎರಡು ಬೂದಿ. ಒಂದು ಹೊಸದು, ಒಂದು ಹಳೇದು. ಹೊಸ ಬೂದಿ ಊರ ಮಗ್ಗುಲಲ್ಲೇ ಇರುವ ಶಾಖೋತ್ಪನ್ನ ವಿದ್ಯುತ್ ಸ್ಥಾವರದ್ದು. ಹಳೇ ಬೂದಿ ತೋರಣಗಲ್ಲಿನ ಕಡೆಗೆ ಹೋಗುವ ಕಣಿವೆಯಲ್ಲಿ ಗುಡ್ಡೆಯಾಗಿ ಬಿದ್ದಿದೆ. ರಾಕ್ಷಸನನ್ನು ಸುಟ್ಟ ಬೂದಿ ಅಂತ ಕೆಲವರು, ಋಷಿಗಳ ಯಜ್ಞದ ಬೂದಿ ಅಂತ ಕೆಲವರು ಹೇಳಿಕೊಂಡು ಬಂದಿದ್ದಾರೆ.

ಅದು ದನದ ಸಗಣಿ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಈ ಸೀಮೆಯಲ್ಲಿ ದನ ಮೇಯಿಸಿಕೊಂಡಿದ್ದ ಜನ ತಮ್ಮ ದೊಡ್ಡಿಯ ಸಗಣಿ ಗುಡ್ಡೆ ಹಾಕಿ ಮತ್ತೆ ಮತ್ತೆ ಸುಟ್ಟರು. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೇ ಶತಮಾನದಲ್ಲೇ ಈ ಬೂದಿದಿಬ್ಬಗಳ ಬೆನ್ನು ಹತ್ತಿದ್ದ. ಆಲ್ಚಿನ್ ಎಂಬ ವಿದ್ವಾಂಸ 1963ರಲ್ಲಿ ಒಂದು ಪುಸ್ತಕವನ್ನೇ ಬರೆದು, ನಮ್ಮ ಕಡೆ ಸಂಕ್ರಾಂತಿಗೆ ದನಕ್ಕೆ ಕಿಚ್ಚು ಹಾಯಿಸುವಂಥ ಬೆಂಕಿ ಹಬ್ಬಗಳ ಜೊತೆ ಇವನ್ನು ಇಟ್ಟು ನೋಡಿದ. ದನಕ್ಕೆ ರೋಗ ಬಂತೋ, ಬರದಿರಲಿ ಅಂತಲೋ, ಬೆಂಕಿ ಇಟ್ಟರು. ಅದು ಪೂಜೆಯೋ ಔಷಧಿಯೋ ಅಂತ ಆ ಜನ ಕೇಳಿಕೊಂಡಿರಲಾರರು. ದೊಡ್ಡಿ ಸುಟ್ಟರೆ ಉಣ್ಣೆ, ಹುಳ ಸಾಯುತ್ತವೆ ಅನ್ನೋದಂತೂ ನಿಜ.

ಕಷ್ಟ ಬಂದಾಗ ದೇವರ ಬಾಗಿಲು ತಟ್ಟಬೇಕೋ ಸರ್ಕಾರದ ಬಾಗಿಲು ತಟ್ಟಬೇಕೋ ಅನ್ನುವ ವಾದ ಪೇಟೆಯಲ್ಲಿ ಚಹಾ ಕುಡಿಯುತ್ತಾ ಮಾಡಲು ಚೆನ್ನಾಗಿರುತ್ತದೆ. ಕುಡತಿನಿ ಕಡೆಯ ಜನ ಮಾತ್ರ ಎರಡನ್ನೂ ತಟ್ಟಿಕೊಂಡೇ ಬಂದವರು. ಯಾವ ಬಾಗಿಲು ಎಷ್ಟು ತೆರೀತು, ತೆರೆಯೋದಕ್ಕೆ ಯಾರ ಕೈಲಿ ಏನು ಕಿತ್ತುಕೊಂಡಿತು ಅನ್ನೋದೇ ಲೆಕ್ಕ.

ಧಾತು, ಈಶ್ವರ, ಬಹುಧಾನ್ಯ

ಲೆಕ್ಕ ಶುರುವಾಗಬೇಕಾದ್ದು 1876ರಿಂದ. ಆ ಸಂವತ್ಸರದ ಹೆಸರು ಧಾತು. ಮುಂಗಾರೂ ಬರಲಿಲ್ಲ, ಹಿಂಗಾರೂ ಬರಲಿಲ್ಲ. ಮರುವರ್ಷ ಈಶ್ವರ. ಅದೂ ಅರ್ಧಕ್ಕರ್ಧ ಸುಳ್ಳಾಯಿತು. ಅದರಾಚೆ ಬಂದದ್ದು ಬಹುಧಾನ್ಯ ಸಂವತ್ಸರ! ಪಂಚಾಂಗದವರ ತಮಾಷೆ ನೋಡಿ. ಧಾನ್ಯ ಬರುವ ಹೊತ್ತಿಗೆ ತಿನ್ನುವ ಬಾಯಿ ಕಡಿಮೆಯಾಗಿದ್ದವು.

ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆದವಾನಿ, ಆಲೂರು, ರಾಯದುರ್ಗ ಕೂಡ ಇದೇ ಜಿಲ್ಲೆಯ ಲೆಕ್ಕ. ಈ ತಾಲ್ಲೂಕುಗಳಲ್ಲಿ 1871ರ ಗಣತಿಯಲ್ಲಿ 9 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಗೆ 7 ಲಕ್ಷ 26 ಸಾವಿರಕ್ಕೆ ಇಳಿದಿತ್ತು. ಐವರಲ್ಲಿ ಒಬ್ಬ ಇಲ್ಲ. ಸತ್ತವರು, ಊರು ಬಿಟ್ಟವರು, ಹುಟ್ಟದೇ ಹೋದವರು ಎಲ್ಲ ಸೇರಿ. ಹಸಿವಿನಿಂದಲೇ ಎಲ್ಲರೂ ಸಾಯಲಿಲ್ಲ. ಹಸಿದ ಮೈಗೆ ಕಾಲರಾ ಬಂತು, ಮಳೆ ಬಂದ ಮೇಲೆ ಚಳಿಜ್ವರ ಬಂತು.

ಸರ್ಕಾರ ಏನೂ ಮಾಡಲಿಲ್ಲ ಅಂದರೆ ತಪ್ಪಾಗುತ್ತದೆ. ರಸ್ತೆ ಕೆಲಸ, ಕೆರೆ ಕೆಲಸ ತೆರೆಯಿತು. ಗಂಜಿ ಕೇಂದ್ರ ತೆರೆಯಿತು. ಮಾಡಿದ ರೀತಿ ಮಾತ್ರ ಕೇಳಿ. ವೈಸರಾಯ್ ಲಿಟ್ಟನ್ ಸಾಹೇಬ ತನ್ನ ಪ್ರತಿನಿಧಿಯಾಗಿ ಸರ್ ರಿಚರ್ಡ್ ಟೆಂಪಲ್‌ನನ್ನು ಇತ್ತ ಕಳಿಸಿದ. ಇದೇ ಟೆಂಪಲ್ 1873-74ರಲ್ಲಿ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ, ಧಾರಾಳವಾಗಿ ಖರ್ಚು ಮಾಡಿ, ಜನ ಹೆಚ್ಚು ಸಾಯದಂತೆ ನೋಡಿಕೊಂಡಿದ್ದ ಮನುಷ್ಯ. ಅದಕ್ಕೆ ಸಿಕ್ಕ ಬಹುಮಾನ ಬೈಗುಳ. ದುಡ್ಡು ಪೋಲು ಮಾಡಿದ ಅಂತ ಲಂಡನ್ನಿನವರೆಗೆ ಟೀಕೆ. ಆ ಬೈಗುಳದ ಸಿಟ್ಟು, ಭಯ ಎರಡೂ ಅವನು ಮದ್ರಾಸಿಗೆ ಹೊತ್ತು ತಂದ. 1877ರ ಜನವರಿಯಲ್ಲಿ ಹೊಸ ಕೂಲಿ ಗೊತ್ತು ಮಾಡಿದ. ದಿನವಿಡೀ ಕಲ್ಲು ಒಡೆದ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕೇಜಿಗೂ ಕಡಿಮೆ, ಮೇಲೊಂದಿಷ್ಟು ಚಿಲ್ಲರೆ ಕಾಸು. ಹೆಣ್ಣಾಳಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಚರಿತ್ರೆಯಲ್ಲಿ ಇದಕ್ಕೆ ‘ಟೆಂಪಲ್ ಕೂಲಿ’ ಅಂತಲೇ ಹೆಸರು. ಇಂಗ್ಲಿಷಿನಲ್ಲಿ ಟೆಂಪಲ್ ಅಂದರೆ ಗುಡಿ. ಈ ಗುಡಿಯಲ್ಲಿ ಪ್ರಸಾದ ಮಾತ್ರ ಸಾಲಲಿಲ್ಲ.

ಸಾಲದು ಅಂದವನೂ ಸರ್ಕಾರದ ನೌಕರನೇ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾಕ್ಟರ್ ಕಾರ್ನಿಷ್. ದುಡಿಯುವ ಮೈಗೆ ಇಷ್ಟು ತಿಂದರೆ ಪ್ರಾಣ ನಿಲ್ಲೋದಿಲ್ಲ ಅಂತ ವೈದ್ಯಶಾಸ್ತ್ರ ಹಿಡಿದು ವಾದ ಮಾಡಿದ. ಧರ್ಮ, ಕರ್ಮ ಅನ್ನಲಿಲ್ಲ. ಅವನು ಎತ್ತಿದ್ದು ತಕ್ಕಡಿ. ಕೆಲವೇ ತಿಂಗಳಲ್ಲಿ, 1877ರ ಮೇ ಹೊತ್ತಿಗೆ, ಮದ್ರಾಸ್ ಸರ್ಕಾರ ಕೂಲಿ ಏರಿಸಬೇಕಾಯಿತು. ಅಷ್ಟರೊಳಗೆ ಆದದ್ದು ಆಗಿತ್ತು.

ಇಂಗ್ಲೆಂಡಿನ ಸಾಮಾನ್ಯ ಜನ, ಚರ್ಚುಗಳು ಚಂದಾ ಎತ್ತಿದರು. ವಿಲಿಯಂ ಡಿಗ್ಬಿ ಎಂಬ ಪತ್ರಕರ್ತ ಮದ್ರಾಸಿನಲ್ಲಿ ಕೂತು ಆ ಹಣದ ಉಸ್ತುವಾರಿ ನೋಡಿದ. ಅದು ಹೋದದ್ದು ಬಿತ್ತನೆ ಬೀಜಕ್ಕೆ, ಎತ್ತು ಕೊಳ್ಳೋದಕ್ಕೆ, ಬಿದ್ದ ಗುಡಿಸಲು ಎಬ್ಬಿಸೋದಕ್ಕೆ, ಮೈಮೇಲೆ ಬಟ್ಟೆಗೆ. ಸರ್ಕಾರದ ಗಂಜಿ ಪ್ರಾಣ ಹಿಡಿಯೋದು ಮಾತ್ರ ನೋಡಿತು. ಎತ್ತು ಸತ್ತ ರೈತನಿಗೆ ಮಳೆ ಬಂದರೇನು ಪ್ರಯೋಜನ ಅನ್ನುವುದು ಈ ಚಂದಾದ ಹಣಕ್ಕೆ ಗೊತ್ತಿತ್ತು.

ಗಂಜಿ ಸಾಲಿನಲ್ಲೂ ಜಾತಿ ಬಿಡಲಿಲ್ಲ. ಅಡುಗೆ ಯಾರ ಕೈದು ಅಂತ ನೋಡಿ ಹಸಿದುಕೊಂಡೇ ಹೋದವರುಂಟು. ನೇಕಾರರದ್ದು ಬೇರೆ ಪಾಡು. ಮಗ್ಗದ ಕೈ ಕಲ್ಲು ಒಡೆದರೆ ಆಮೇಲೆ ನೂಲು ಹಿಡಿಯೋದು ಹೇಗೆ? ಅವರಿಗೆ ಅವರ ಕಸುಬೇ ಕೊಟ್ಟು ಕೂಲಿ ಕೊಡಬೇಕು ಅನ್ನುವ ಬುದ್ಧಿ ಬಂತು, ಮುಂದೆ ಬರದ ಕಾನೂನು ಬರೆಯುವಾಗ ಅದು ಪುಸ್ತಕಕ್ಕೂ ಸೇರಿತು.

ಹೊರಬೀಡು

ಇನ್ನು ಊರ ಜನ ತಮ್ಮ ದೇವರ ಹತ್ತಿರ ಏನು ಮಾಡಿದರು, ಮಾಡುತ್ತಾರೆ? ಮಳೆ ಹೋದರೆ ಗುರ್ಚಿ. ಹಂಚಿನ ಮೇಲೆ ಮಣ್ಣಿನದ್ದೋ ಸಗಣಿಯದ್ದೋ ಗುರ್ಚಿ ಮಾಡಿ, ಹುಡುಗನ ತಲೆ ಮೇಲಿಟ್ಟು, ಮನೆ ಮನೆ ತಿರುಗೋದು. ಮನೆಯಾಕೆ ಒಂದು ಕೊಡ ನೀರು ಸುರಿದು ಜೋಳ, ಹಿಟ್ಟು ಕೊಡಬೇಕು. ಕೂಡಿಬಂದ ಹಿಟ್ಟಿನಲ್ಲಿ ಅಡುಗೆ ಮಾಡಿ ಎಲ್ಲರೂ ಉಣ್ಣೋದು. ಮಳೆ ಬಂತೋ ಬಿಟ್ಟಿತೋ, ಆವತ್ತು ಒಂದು ಹೊತ್ತು ಬಡವರ ಮಕ್ಕಳ ಹೊಟ್ಟೆ ತುಂಬುತ್ತದೆ. ಕಪ್ಪೆ ಮದುವೆ, ಕತ್ತೆ ಮದುವೆ, ಏಳು ದಿನದ ಸಪ್ತಭಜನೆ ಇವೆಲ್ಲ ಓದುಗರಿಗೆ ಹೊಸದೇನಲ್ಲ.

ಹೊರಬೀಡಿನದು ಬೇರೆ ಮಾತು. ಊರಿಗೆ ಕೇಡು ಬಂತು ಅಂದಾಗ ಊರಿಗೆ ಊರೇ ಮನೆಗೆ ಕದ ಹಾಕಿ, ದನ ಕರು ಹೊಡಕೊಂಡು, ಹೊರಗೆ ಹೊಲದಲ್ಲಿ ಅಡುಗೆ ಮಾಡಿ ಉಂಡು, ಹೊತ್ತು ಮುಳುಗಿದ ಮೇಲೆ ಒಳಗೆ ಬರೋದು. ಇದನ್ನು ಮೂಢನಂಬಿಕೆ ಅಂತ ನಗುವವರು ಪ್ಲೇಗಿನ ಕಥೆ ನೆನೆಸಿಕೊಳ್ಳಬೇಕು. 1898ರ ಆಸುಪಾಸಿನಲ್ಲಿ ಮಹಾಮಾರಿ ಕನ್ನಡ ಸೀಮೆಗೆ ನುಗ್ಗಿದಾಗ ಸರ್ಕಾರ ಮಾಡಿಸಿದ್ದೇನು? ಊರು ಖಾಲಿ ಮಾಡಿಸಿ, ಹೊರಗೆ ಗುಡಿಸಲು ಹಾಕಿಸಿದ್ದು! ಇಲಿ, ಚಿಗಟ ಬಿಟ್ಟು ದೂರ ಹೋಗೋದು ಪ್ಲೇಗಿಗೆ ಒಳ್ಳೇ ಉಪಾಯವೇ. ಆದರೆ ಅಮ್ಮನ ಹೆಸರಲ್ಲಿ ತಾನಾಗಿ ಹೊರಗೆ ಹೋಗುವ ಜನ ಸೋಲ್ಜರ ಬಂದು ಮನೆ ಹೊಕ್ಕು ಎಳೆದಾಗ ತಿರುಗಿಬಿದ್ದರು. ಪುಣೆಯಲ್ಲಂತೂ 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ್‍ಯಾಂಡ್‌ಗೆ ಗುಂಡು ಹೊಡೆದರು. ಎರಡೂ ಕಡೆ ಹೇಳಿದ್ದು ಒಂದೇ, ಮನೆ ಬಿಡು ಅಂತ. ಒಂದು ಕಡೆ ಹಬ್ಬದ ಅಡುಗೆ ಇತ್ತು, ಇನ್ನೊಂದು ಕಡೆ ಬೂಟು.

ಬಳ್ಳಾರಿ ಸೀಮೆಯಲ್ಲಿ ಇದ್ದುದರಲ್ಲಿ ಗಟ್ಟಿಯಾಗಿ ನಿಂತ ಧರ್ಮದ ಕೆಲಸ ಅಂದರೆ ದಾಸೋಹ. ಚೇಳ್ಳಗುರ್ಕಿಯ ಎರ್ರಿತಾತನ ಮಠಕ್ಕೆ ಹೋದವರು ಯಾರೂ ಉಣ್ಣದೇ ಬರೋದಿಲ್ಲ. ಅಲ್ಲಿ ಅರ್ಜಿ ಇಲ್ಲ, ರೇಷನ್ ಕಾರ್ಡು ಇಲ್ಲ, ಬೆರಳಚ್ಚು ಇಲ್ಲ. ಟೆಂಪಲ್ ಸಾಹೇಬನ ತಕ್ಕಡಿ ಅಲ್ಲಿಗೆ ಹೋಗಲಾರದು. ದಾಸೋಹದ ಮಿತಿಯೂ ಅಷ್ಟೇ ಸ್ಪಷ್ಟ. ಇವತ್ತಿನ ಹೊಟ್ಟೆ ತುಂಬುತ್ತದೆ, ನಾಳೆಯ ಹೊಲಕ್ಕೆ ನೀರು ತರೋದಕ್ಕೆ ಆಗೋದಿಲ್ಲ.

ಧರ್ಮದ ಹೆಸರಿನ ಎಲ್ಲ ಉತ್ತರವೂ ಹೀಗೆ ಹೊಟ್ಟೆ ತುಂಬಿಸುವ ಜಾತಿಯದ್ದಲ್ಲ. ಮನೆಯಲ್ಲಿ ರೋಗ, ಬಡತನ, ಗಂಡು ಸಂತಾನ ಇಲ್ಲ, ಮಗಳ ಕೂದಲು ಜಡೆಗಟ್ಟಿತು, ಏನೇ ಇರಲಿ, ದೇವಿಗೆ ಹೆಣ್ಣುಮಗುವನ್ನು ಬಿಡೋದು ಪರಿಹಾರ ಅಂತ ಮಾಡಿಕೊಂಡರು. ಮನೆಯ ಕಷ್ಟವನ್ನೆಲ್ಲ ಒಂದು ಕೂಸಿನ ಕೊರಳಿಗೆ ಕಟ್ಟಿ ಕೈ ತೊಳಕೊಳ್ಳೋದು. ಹೆಚ್ಚಾಗಿ ಯಾರ ಮನೆಯ ಕೂಸು ಅಂತ ಬಿಡಿಸಿ ಹೇಳಬೇಕಿಲ್ಲ, ದಲಿತ ಕೇರಿಯದ್ದು. ಇಲ್ಲಿ ದೇವರ ಬಾಗಿಲಿಗೆ ಅಡ್ಡ ನಿಲ್ಲಬೇಕಾದ್ದು ಸರ್ಕಾರವೇ. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಕಾನೂನು 1982ರಲ್ಲಿ ಆಯಿತು. ಆಮೇಲೆ 1993-94ರಲ್ಲಿ, 2007-08ರಲ್ಲಿ ಸರ್ಕಾರವೇ ಎಣಿಕೆ ಮಾಡಿಸಿದಾಗ ರಾಜ್ಯದಲ್ಲಿ ಸಾವಿರಾರು ಹೆಣ್ಣುಮಕ್ಕಳ ಹೆಸರು ಪಟ್ಟಿಗೆ ಬಂದವು. ಬಳ್ಳಾರಿ ಜಿಲ್ಲೆಯ ಹೆಸರುಗಳು ಕಡಿಮೆಯೇನಿರಲಿಲ್ಲ.

ರೈಲು, ಕಾಲುವೆ, ಬಾಗಿನ

ಧಾತು ಬರದಿಂದ ಸರ್ಕಾರ ಪಾಠ ಕಲಿಯಿತು ಅನ್ನಬೇಕು. 1880ರಲ್ಲಿ ಬರದ ಆಯೋಗ ವರದಿ ಕೊಟ್ಟಿತು. 1883ರಲ್ಲಿ ಬರದ ನಿಯಮಾವಳಿ ಬಂತು. ಬರ ಬಿದ್ದ ಜಾಗಕ್ಕೆ ಧಾನ್ಯ ಒಯ್ಯಲು ರೈಲು ಬೇಕು ಅಂತಾಯಿತು. ಕುಡತಿನಿ ಸ್ಟೇಷನ್ ಮೇಲೆ ಹಾದುಹೋಗುವ ಹೊಸಪೇಟೆ ದಾರಿ 1880ರ ದಶಕದ್ದು, ಆ ಬರದ ಕೂಸು. ಆ ಹಳಿ ಮೇಲೆ ಆಮೇಲೆ ಓಡಿದ್ದು ಜೋಳಕ್ಕಿಂತ ಜಾಸ್ತಿ ಅದಿರು, ಅದು ಬೇರೆ ಕಥೆ.

ತುಂಗಭದ್ರೆಗೆ ಕಟ್ಟೆ ಹಾಕಬೇಕು ಅಂತ ಸರ್ ಆರ್ಥರ್ ಕಾಟನ್ 1860ರಲ್ಲೇ ಹೇಳಿದ್ದ. ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿ 28ಕ್ಕೆ, ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ನಡುವೆ ಧಾತು ಬರ ಬಂದು ಹೋಯಿತು. ತೊಂಬತ್ತು ವರ್ಷ ತಡವಾದ ಉತ್ತರ, ಆದರೆ ಉತ್ತರ. ಸಿರುಗುಪ್ಪ, ಕುರುಗೋಡು ಕಡೆ ಇವತ್ತು ಭತ್ತ ಬೆಳೆಯುವವನು ಗುರ್ಚಿಯನ್ನು ಮಕ್ಕಳಾಟ ಅಂತ ನಕ್ಕರೆ, ನಗುವ ಧೈರ್ಯ ಕೊಟ್ಟದ್ದು ಆ ಕಾಲುವೆ.

ಅಷ್ಟಾದರೂ ಜಲಾಶಯ ತುಂಬಿದ ವರ್ಷ ಮುಖ್ಯಮಂತ್ರಿಗಳೋ ಮಂತ್ರಿಗಳೋ ಬಂದು ಬಾಗಿನ ಬಿಡುತ್ತಾರೆ. ಸರ್ಕಾರಕ್ಕೂ ಗಂಗಮ್ಮ ಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ನೀರೆಲ್ಲ ಹರಿದುಹೋಗುವಾಗ ರೈತರು ಕೈ ಮುಗಿದರು ನಿಜ. ಹರಿಯುವ ನೀರಿನಲ್ಲೇ ಉಕ್ಕಿನ ತುಂಡು ಇಳಿಸಿ ಒಂದು ವಾರದಲ್ಲಿ ಗಂಡಿ ಮುಚ್ಚಿದವರು ಎಂಜಿನಿಯರುಗಳು, ವೆಲ್ಡಿಂಗ್ ಹುಡುಗರು, ಕ್ರೇನಿನವರು.

ಹೊಲ ಹೋದ ಮೇಲೆ

ಈಗ ಕುಡತಿನಿಯ ಕಷ್ಟಕ್ಕೆ ಮಳೆಯನ್ನು ದೂರಿ ಉಪಯೋಗವಿಲ್ಲ. 2010ರ ಹೊತ್ತಿಗೆ ಕುಡತಿನಿ, ಹರಗಿನಡೋಣಿ, ವೇಣಿವೀರಾಪುರ ಸುತ್ತಮುತ್ತ 12 ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ಉಕ್ಕಿನ ಕಾರ್ಖಾನೆಗಳಿಗೆ ಅಂತ ತೆಗೆದುಕೊಂಡರು. ಆ ವರ್ಷದ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಹೂಡಿಕೆದಾರರ ದೊಡ್ಡ ಸಮಾವೇಶ, ದೊಡ್ಡ ದೊಡ್ಡ ಅಂಕಿ, ಫೋಟೋ. ಆರ್ಸೆಲರ್ ಮಿತ್ತಲ್ ಒಂದು, ಬ್ರಹ್ಮಿಣಿ ಅಂತ ಶುರುವಾಗಿ ಉತ್ತಮ್ ಗಾಲ್ವಾ ಆದದ್ದು ಇನ್ನೊಂದು, ಸರ್ಕಾರಿ ಎನ್‌ಎಂಡಿಸಿ ಮತ್ತೊಂದು. ಬೆಲೆ ಕೊಟ್ಟರು, ಕೊಟ್ಟ ಬೆಲೆ ಸಾಲದು ಅಂತ ಕೋರ್ಟಿಗೂ ಹೋದರು. ಕಾರ್ಖಾನೆ ಮಾತ್ರ ಏಳಲಿಲ್ಲ. ಹೊಲವೂ ಇಲ್ಲ, ನೌಕರಿಯೂ ಇಲ್ಲ.

ಸೀಗಿ ಹುಣ್ಣಿಮೆ ಬಂದರೆ ಈ ಕಡೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿ. ಬಸುರಿ ಭೂಮಿತಾಯಿಗೆ ಬುತ್ತಿ ಕಟ್ಟಿಕೊಂಡು ಹೋಗೋದು. ಭೂಮಿ ಹೋದವರು ಬುತ್ತಿ ಯಾವ ಹೊಲಕ್ಕೆ ಒಯ್ಯಬೇಕು? ಅಧಿಕಾರಿಗಳ ಲೆಕ್ಕದಲ್ಲಿ ಎಕರೆಗೆ ಇಷ್ಟು ರೂಪಾಯಿ ಅಂತ ಇದೆ, ಖುಷ್ಕಿ, ತರಿ ಅಂತ ಇದೆ. ಈ ಬುತ್ತಿಯ ಬಾಬತ್ತು ಇಲ್ಲ. ಮಠಕ್ಕೆ ಹೋದರೆ ಊಟ ಸಿಗುತ್ತದೆ, ಪಹಣಿ ಸಿಗೋದಿಲ್ಲ.

ಆದ್ದರಿಂದ 2022ರ ಡಿಸೆಂಬರ್‌ನಲ್ಲಿ ಭೂಮಿ ಕಳಕೊಂಡವರು ಕುಡತಿನಿಯಲ್ಲೇ ಧರಣಿ ಕೂತರು. ಜೊತೆಗೆ ನಿಂತದ್ದು ಕೆಂಬಾವುಟದ ರೈತ, ಕಾರ್ಮಿಕ ಸಂಘಟನೆಗಳು. ಒಂದು ದಿನ, ಎರಡು ದಿನದ ಮಾತಲ್ಲ, ನೂರು ದಿನ ದಾಟಿ ವರ್ಷಗಟ್ಟಲೆ ನಡೆಯಿತು. ಕೇಳಿದ್ದು ಮೂರೇ ಮಾತು: ನ್ಯಾಯವಾದ ಬೆಲೆ ಕೊಡಿ, ಕಾರ್ಖಾನೆ ಕಟ್ಟಿ ಮನೆಗೊಂದು ಕೆಲಸ ಕೊಡಿ, ಆಗದಿದ್ದರೆ ನಮ್ಮ ಹೊಲ ನಮಗೆ ಬಿಡಿ.