ಕಿತ್ತಳೆಯ ಕೊರಗು

ಮೂಡಿಗೆರೆ, ಕಳಸಗಳ ಕಾಫಿ ತೋಟಗಳಲ್ಲಿ ನೆರಳುಮರಗಳ ನಡುವೆ ಕೊಡಗಿನ ಕಿತ್ತಳೆಯೂ ಉಂಟು. ಅದು ಸೊರಗಿದಾಗ ಎಲೆ ಹಳದಿಗಟ್ಟುತ್ತದೆ, ತುದಿಗೊಂಬೆ ಒಣಗುತ್ತದೆ, ಹಣ್ಣು ಕಿರಿದಾಗುತ್ತದೆ. ಬೇರು ಕೊಳೆತರೂ ಸತುವಿನ ಅಂಶ ಸಾಲದಿದ್ದರೂ ಹೆಚ್ಚುಕಡಿಮೆ ಇವೇ ಚಿಹ್ನೆಗಳು. ಬರಿಗಣ್ಣಿನ ಸಾಕ್ಷ್ಯ ಇಲ್ಲಿ ನಿಲ್ಲದು.

ಸೊರಗಿಸುವ ವೈರಸ್ಸೊಂದಕ್ಕೆ ‘ಟ್ರಿಸ್ಟೆಜಾ’ ಎಂದು ಹೆಸರು. ಪೋರ್ಚುಗೀಸ್ ನುಡಿಯಲ್ಲಿ ದುಃಖವೆಂದರ್ಥ. ಹೆಸರಿಟ್ಟವರು ಮರವನ್ನು ಚೆನ್ನಾಗಿ ನೋಡಿದ್ದಿರಬೇಕು! ಗಿಡಹೇನು ಹೊತ್ತು ತರುವ ಇದು ನೂಲಿನೆಳೆಯಂಥದು: ಉದ್ದ ಸುಮಾರು 2000 ನ್ಯಾನೊಮೀಟರ್, ದಪ್ಪ 10–12 ಮಾತ್ರ. ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಈ ಎಳೆ ನಿಲುಕದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಬಡವನ ಉಪಾಯವೂ ಒಂದುಂಟು. ಶಂಕಿತ ಮರದ ಕಣ್ಣನ್ನು ನಿಂಬೆಯ ಸಸಿಗೆ ಕಸಿಮಾಡಿ, ಚಿಗುರೆಲೆಯನ್ನು ಬೆಳಕಿಗೆ ಹಿಡಿದು ನೋಡುವುದು. ರೋಗವಿದ್ದರೆ ನರಗಳು ಅಲ್ಲಲ್ಲಿ ತಿಳಿಯಾಗಿ ಹೊಳೆಯುತ್ತವೆ.

ಹಣ್ಣಿನ ಒಂದು ಮಗ್ಗುಲು ಹಸಿರಾಗಿಯೇ ಉಳಿಯುವ ‘ಗ್ರೀನಿಂಗ್’ ರೋಗವನ್ನೂ ಬಹುಕಾಲ ವೈರಸ್ಸಿನದೆಂದೇ ನಂಬಿದ್ದರು. 1970ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಎಲೆಯ ಆಹಾರನಾಳದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡ ಜೀವಿ ವೈರಸ್ಸಾಗಿರಲಿಲ್ಲ. ಮುಂದೆ ಅದು ಬ್ಯಾಕ್ಟೀರಿಯವೆಂದು ಸ್ಥಿರಪಟ್ಟಿತು. ತೋಟಗಾರನಿಗೆ ಇದು ಬರಿಯ ಪಂಡಿತರ ವಾದವಲ್ಲ. ಗ್ರೀನಿಂಗನ್ನು ಹರಡುವುದು ಗಿಡಹೇನಲ್ಲ, ಸಿಲ್ಲಿಡ್ ಎಂಬ ಬೇರೆ ಕೀಟ. ಕಸಿಯ ಕಣ್ಣಿನೊಡನೆಯಾದರೋ ಎರಡು ರೋಗಗಳೂ ತೋಟದ ಬೇಲಿಯನ್ನು ಸದ್ದಿಲ್ಲದೆ ದಾಟುತ್ತವೆ.