“ನಿದ್ದೆಗೊಂದು ಮಾತ್ರೆ ಇದ್ರೆ ಕೊಡಿ ಮೇಡಂ”

ಕಳೆದ ತಿಂಗಳು ಕೆಚ್ಚಲು ಬಾವು ಬಂದಿದ್ದ ಹಸುವೊಂದನ್ನು ನೋಡಲು ಹೋಗಿದ್ದೆ. ಇಂಜೆಕ್ಷನ್ ಕೊಟ್ಟು ಕೈ ತೊಳೆಯುತ್ತಿದ್ದಾಗ ಆ ಮನೆಯ ಅಕ್ಕ ಮೆಲ್ಲಗೆ ಮೇಲಿನ ಮಾತು ಕೇಳಿದರು. ನಾನು ದನದ ಡಾಕ್ಟರು, ನನ್ನ ಪೆಟ್ಟಿಗೆಯಲ್ಲಿರುವುದೆಲ್ಲ ದನದ ಔಷಧಿ ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಅವರೇ ಹೇಳಿದರು: ಮೆಡಿಕಲ್ ಶಾಪಿನಿಂದ ಅಲರ್ಜಿ ಮಾತ್ರೆ ತಂದಿಟ್ಟುಕೊಂಡು ರಾತ್ರಿ ಒಂದೊಂದು ನುಂಗುತ್ತಿದ್ದಾರೆ. ನೆಗಡಿಗಲ್ಲ, ನಿದ್ದೆಗೆ. ಬೆಳಗಿನ ಜಾವದ ಮಂಪರಿನಲ್ಲಿ ಹಾಲು ಕರೆಯುವಾಗ ಅದರಲ್ಲಿದ್ದ ಹೆಪ್ಪು ಅವರಿಗೆ ಕಂಡೇ ಇರಲಿಲ್ಲ. ಡೇರಿಯಲ್ಲಿ ಹಾಲು ವಾಪಸ್ ಕಳಿಸಿದ ಮೇಲೆಯೇ ಗೊತ್ತಾದದ್ದು. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕಂದಿರೇ, ಮೊದಲು ಒಂದು ಪ್ರಶ್ನೆ. ನಿಮಗೆ ಮಲಗಿದರೂ ನಿದ್ದೆ ಬರುವುದಿಲ್ಲವೇ, ಅಥವಾ ಮಲಗುವುದಕ್ಕೇ ಆಗುವುದಿಲ್ಲವೇ? ಆ ಅಕ್ಕನದು ಎರಡನೆಯದು. ಏಳುವುದು ನಾಲ್ಕೂವರೆಗೆ, ಹಾಸಿಗೆ ಸೇರುವುದು ಹನ್ನೊಂದಕ್ಕೆ. ದೊಡ್ಡವರಿಗೆ ಕಡಿಮೆ ಎಂದರೂ 7 ಗಂಟೆ ನಿದ್ದೆ ಬೇಕು. ಇವರಿಗೆ ಸಿಗುತ್ತಿದ್ದುದು ಐದೂವರೆ. ಹನ್ನೊಂದಕ್ಕೆ ನುಂಗಿದ ಮಾತ್ರೆ ಆ ಒಂದೂವರೆ ಗಂಟೆಯನ್ನು ಎಲ್ಲಿಂದ ತರಬೇಕು? ಬದಲಿಗೆ ಅದರ ಅಮಲು ಬೆಳಗ್ಗೆಯೂ ಉಳಿಯುತ್ತದೆ. ಆ ಹೊತ್ತಿಗೆ ನಿಮ್ಮ ಕೈ ಇರುವುದು ಹಸುವಿನ ಕಾಲ ಬುಡದಲ್ಲಿ, ಇಲ್ಲವೇ ಮೇವು ಕತ್ತರಿಸುವ ಯಂತ್ರದ ಬಾಯಲ್ಲಿ.

“ಇವತ್ತು ಬೇಗ ಮಲಗಲೇಬೇಕು” ಎಂದು ಹಟ ತೊಟ್ಟರೆ? ಎರಡು ದಿನ ನಡೆಯುತ್ತದೆ. ದಿನವಿಡೀ ದುಡಿದವರಿಗೆ ರಾತ್ರಿ ಒಂಬತ್ತೂವರೆಗೆ ಹಟ ಉಳಿದಿರುವುದಿಲ್ಲ. ಧಾರಾವಾಹಿಯೋ ಮೊಬೈಲೋ, ಇಡೀ ದಿನದಲ್ಲಿ ನಿಮ್ಮದೇ ಎನ್ನುವ ಅರ್ಧ ಗಂಟೆ ಅದೊಂದೇ. ಬೈಯುವ ಹಕ್ಕು ನನಗಿಲ್ಲ, ನಾನೂ ನೋಡುತ್ತೇನೆ.

ನಿಮ್ಮ ಹಸುವನ್ನೇ ನೋಡಿ. ದಿನವೂ ಅದೇ ಹೊತ್ತು, ಅದೇ ಬಕೆಟ್ ಸದ್ದು, ಅದೇ ಕೈ. ಅಷ್ಟಕ್ಕೇ ಅದರ ಮೈಯಲ್ಲಿ ಆಕ್ಸಿಟೋಸಿನ್ ಬಿಡುಗಡೆಯಾಗಿ ಹಾಲು ಇಳಿಯುತ್ತದೆ. ಹೆದರಿಸಿದರೆ, ಹೊಡೆದರೆ ಹಾಲು ಏರಿಸಿಕೊಂಡುಬಿಡುತ್ತದೆ. ನಿದ್ದೆಯೂ ಹಾಗೆಯೇ, ಬಲವಂತಕ್ಕೆ ಬರುವುದಿಲ್ಲ. ದಿನವೂ ಒಂದೇ ಹೊತ್ತು, ಒಂದೇ ಕ್ರಮ ಕಂಡರೆ ತಾನಾಗಿ ಬರುತ್ತದೆ.

ಹಾಗಾಗಿ ಸರಿಮಾಡಬೇಕಾದದ್ದು ರಾತ್ರಿಯನ್ನಲ್ಲ, ಸಂಜೆಯನ್ನು. ಡೇರಿಗೆ ಹಾಲು ಹಾಕಿ ಬಂದು ಆರೂವರೆಗೆ ಕುಡಿಯುವ ಸ್ಟ್ರಾಂಗ್ ಟೀಯಲ್ಲಿರುವ ಕೆಫೀನು ಐದಾರು ಗಂಟೆ ಕಳೆದರೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಟೀ ಬೇಕೆಂದರೆ ಸಂಜೆ ಹಾಲು ಕರೆಯುವ ಮೊದಲೇ, ನಾಲ್ಕು ಗಂಟೆಯೊಳಗೆ ಕುಡಿದುಬಿಡಿ. ಬೆಳಗಿನ ಮೇವು, ಪಶು ಆಹಾರ, ತೊಳೆದ ಕ್ಯಾನು ಎಲ್ಲವನ್ನೂ ಊಟಕ್ಕೆ ಮುಂಚೆಯೇ ಜೋಡಿಸಿಡಿ. ಊಟ ಎಂಟಕ್ಕೆ. ಹತ್ತು ಗಂಟೆಗೆ ಬರುವವರು ತಾವೇ ಬಡಿಸಿಕೊಳ್ಳಲಿ. ಈ ಒಂದು ಸಾಲನ್ನು ಮನೆಯ ಗಂಡಸರಿಗೆ ಗಟ್ಟಿಯಾಗಿ ಓದಿ ಹೇಳಿ. ಏಳುವುದಕ್ಕೆ ಅಲಾರಾಂ ಇಡುವ ಹಾಗೆ ರಾತ್ರಿ ಒಂಬತ್ತಕ್ಕೂ ಒಂದು ಇಡಿ. ಅದು ಕೂಗಿದಾಗ ದೊಡ್ಡ ಲೈಟು ಆರಿಸಿ, ಮೊಬೈಲನ್ನು ಕೈಗೆ ಸಿಗದಷ್ಟು ದೂರದಲ್ಲಿ ಚಾರ್ಜಿಗೆ ಹಾಕಿ. ಕತ್ತಲಾದರೆ ಮೈ ನಿದ್ದೆಗೆ ತಯಾರಾಗುತ್ತದೆ. ಒಂದೇ ಸಲ ಹನ್ನೊಂದರಿಂದ ಒಂಬತ್ತೂವರೆಗೆ ಹಾರಬೇಡಿ, ಮೂರ್ನಾಲ್ಕು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದೆ ತನ್ನಿ.

ಕರು ಹಾಕುವ ದಿನ ಹತ್ತಿರವಿದ್ದರೆ, ಪಂಪ್‌ಸೆಟ್ಟಿಗೆ ರಾತ್ರಿ ತ್ರೀ ಫೇಸ್ ಕರೆಂಟು ಬಂದರೆ ಈ ಲೆಕ್ಕವೆಲ್ಲ ತಪ್ಪುತ್ತದೆ, ನನಗೆ ಗೊತ್ತು. ಅಂಥ ರಾತ್ರಿ ಕೊಟ್ಟಿಗೆ ಕಾಯುವುದು ನಿಮ್ಮೊಬ್ಬರ ಕೆಲಸವಾಗದೆ ಪಾಳಿಯಾಗಲಿ. ನಿದ್ದೆಗೆಟ್ಟ ಮಾರನೇ ದಿನ ಮಧ್ಯಾಹ್ನ ಅರ್ಧ ಗಂಟೆ ಮಲಗಿ, ಯಾರೂ ಸೋಮಾರಿ ಎನ್ನಬೇಕಿಲ್ಲ.

ಇನ್ನು ಮೊದಲನೆಯ ತರಹದವರು. ಬೇಗ ಮಲಗಿದರೂ ವಾರಕ್ಕೆ ಮೂರ್ನಾಲ್ಕು ರಾತ್ರಿ ನಿದ್ದೆ ಬಾರದಿದ್ದರೆ, ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯೇರಿ ಎಚ್ಚರವಾಗುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ. ಸಾಲದ ಚಿಂತೆ, ಮನಸ್ಸಿನ ಸಂಕಟ ಇದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ. ಆಲ್‌ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಗಳನ್ನು ಚೀಟಿಯಿಲ್ಲದೆ ಕೊಡುವಂತಿಲ್ಲ, ನೀವೂ ಕೇಳಬೇಡಿ. ಅವು ಬೇಗ ಚಟವಾಗುತ್ತವೆ. ಈಗಾಗಲೇ ತಿಂಗಳುಗಟ್ಟಲೆ ನುಂಗುತ್ತಿದ್ದರೆ, ಇದನ್ನು ಓದಿದ ರಾತ್ರಿಯೇ ಒಮ್ಮೆಲೇ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸಬೇಕು.

ಆ ಅಕ್ಕನ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆ. ಹಸುವಿನ ಕೆಚ್ಚಲು ಮೆತ್ತಗಾಗಿದೆ. ಈಗ ಹತ್ತಕ್ಕೆ ಮಲಗುತ್ತಾರಂತೆ. ಕರೆಯುವ ಮೊದಲು ಪ್ರತಿ ಮೊಲೆಯಿಂದ ಎರಡು ಧಾರೆ ಕಪ್ಪು ತಟ್ಟೆಗೆ ಹಿಂಡಿ ನೋಡುತ್ತಾರೆ. ಎಂಟಕ್ಕೆ ಊಟವೆಂದರೆ ಯಜಮಾನರದು ಮಾತ್ರ ಇನ್ನೂ ಗೊಣಗಾಟ.